ನಾಲ್ಕು ಸಾವಿರ ಬೆನ್ನುಗಳು

ನನಗೆ ಜನರ ಮುಖ ನೆನಪಿರುವುದಿಲ್ಲ, ಬೆನ್ನು ನೆನಪಿರುತ್ತದೆ. ಗೋವಿಂದರಾಜನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ವಿಜಯನಗರದ ಮಾರ್ಕೆಟ್ಟಿನಲ್ಲಿ ಯಾರಾದರೂ ಎದುರಿಗೆ ಬಂದು "ಚೆನ್ನಾಗಿದೀರಾ ಆಂಟಿ?" ಎಂದರೆ ಹಲ್ಲು ಕಿರಿದು ತಲೆಯಾಡಿಸುತ್ತೇನೆ; ಯಾರೆಂದು ದೇವರಾಣೆಗೂ ಗೊತ್ತಾಗುವುದಿಲ್ಲ. ಅವರು ತಿರುಗಿ ನಾಲ್ಕು ಹೆಜ್ಜೆ ಹೋದ ಮೇಲೆ ಹೊಳೆಯುತ್ತದೆ: ಓಹೋ, ಮೂವತ್ತೆಂಟು ಸೈಜು, ಹಿಂದೆ ಪಾಟ್ ನೆಕ್, ದಾರದ ತುದಿಗೆ ಗೆಜ್ಜೆ ಕಟ್ಟಿಸಿಕೊಂಡವರು!

ರವಿಕೆ ಮುಗಿದ ಮೇಲೆ ಗಿರಾಕಿಗೆ ತೊಡಿಸಿ, ತಿರುಗಿ ನಿಲ್ಲಿಸಿ, ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ನನ್ನ ಪದ್ಧತಿ. ಬರೀ ಬೆನ್ನಿನ ಫೋಟೋ. ಮುಖ ತೆಗೆದರೆ ನಾಚಿಕೊಳ್ಳುತ್ತಾರೆ, ಇಲ್ಲವೇ ಪೌಡರ್ ಹಾಕಿಕೊಂಡು ಬರುತ್ತೇನೆಂದು ಮನೆಗೆ ಓಡುತ್ತಾರೆ. ಅಲ್ಲದೆ ನನ್ನ ಕೈಚಳಕವೆಲ್ಲ ಇರುವುದೇ ಹಿಂಭಾಗದಲ್ಲಿ. ಮುಂದಿನದನ್ನು ಹೇಗೂ ಸೆರಗು ನುಂಗಿಹಾಕುತ್ತದೆ. ಹೊಸ ಗಿರಾಕಿಗಳು ಈ ಫೋಟೋಗಳನ್ನು ನೋಡಿ "ನಂಗೆ ಇಂಥದ್ದು" ಎಂದು ಆರಿಸುತ್ತಾರೆ.

ಇನ್ನೊಂದು ಪದ್ಧತಿಯೂ ಇದೆ, ಹೇಳಿಬಿಡುತ್ತೇನೆ. ನನ್ನ ಹೊಲಿಗೆಯಲ್ಲಿ ತಪ್ಪಿದೆ ಎಂದು ಈ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಒಪ್ಪಿಕೊಂಡವಳಲ್ಲ. ರವಿಕೆ ಬಿಗಿಯಾಯಿತೆಂದರೆ "ನೀವು ದಪ್ಪ ಆಗಿದೀರ" ಎನ್ನುತ್ತೇನೆ. ಸಡಿಲವಾಯಿತೆಂದರೆ "ಅಯ್ಯೋ, ಸೊರಗಿಹೋಗಿದೀರಲ್ರೀ, ಸರಿಯಾಗಿ ಊಟ ಮಾಡ್ತಿಲ್ವಾ?" ಎನ್ನುತ್ತೇನೆ. ನನ್ನ ಗಂಡ ಒಳಗಿನಿಂದಲೇ "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಕಿಚಾಯಿಸುತ್ತಾರೆ. ತಪ್ಪು ಒಪ್ಪಿಕೊಂಡರೆ ಮುಂದಿನ ಕ್ರಾಸಿನ ಬುಟೀಕ್‌ನವಳಿಗೆ ಹಬ್ಬ. ಅವಳಿಗೆ ಆ ಸಂತೋಷ ಕೊಡಲು ನನಗೆ ಇಷ್ಟವಿಲ್ಲ.

ಹೋದ ಮದುವೆ ಸೀಸನ್ನಿನಲ್ಲಿ ಒಬ್ಬ ಮದುಮಗಳ ಬೆನ್ನಿಗೆ ಫೋನ್ ಹಿಡಿದಾಗ ಅದು ಜಾಗವಿಲ್ಲ ಎಂದು ಮುಷ್ಕರ ಹೂಡಿತು. ಒಳಗೆ ನಾಲ್ಕು ಸಾವಿರ ಬೆನ್ನುಗಳು ತುಂಬಿದ್ದವು. ಮಗಳು ಮದುವೆಯಾಗಿ ಕೆಂಗೇರಿ ಉಪನಗರಕ್ಕೆ ಹೋಗುವಾಗ ಬಿಟ್ಟುಹೋದ ಟ್ಯಾಬ್ ಬೀರುವಿನಲ್ಲಿತ್ತು. ಫೋಟೋಗಳನ್ನು ಅದಕ್ಕೆ ಹಾಕಿಸಿದರೆ ಗಿರಾಕಿಗಳಿಗೆ ದೊಡ್ಡದಾಗಿಯೂ ಕಾಣುತ್ತದೆ ಎಂದುಕೊಂಡು ಮಗಳಿಗೆ ಫೋನ್ ಮಾಡಲು ಹೊರಟೆ.

"ಅಷ್ಟಕ್ಕೆಲ್ಲ ಅವಳ್ಯಾಕೆ?" ಎಂದರು ನನ್ನ ಗಂಡ. "ಒಂದ್ ಮೆಷಿನ್‌ನಿಂದ ಇನ್ನೊಂದ್ ಮೆಷಿನ್‌ಗೆ ತುಂಬೋದು ತಾನೆ? ಮೂವತ್ತು ವರ್ಷ ಫ್ಯಾಕ್ಟ್ರೀಲಿ ಮೆಷಿನ್ ಮುಂದೆ ನಿಂತೋನು ಕಣೇ ನಾನು."

ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಕೆಲಸ ಕೊಡಬಾರದು, ಕೊಡದಿದ್ದರೂ ಕಷ್ಟ. ಊಟವಾದ ಮೇಲೆ ಮಣೆಯ ಮೇಲೆ ಫೋನನ್ನೂ ಟ್ಯಾಬನ್ನೂ ಅಕ್ಕಪಕ್ಕ ಇಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತರು. ನಾನು ಹೊಲಿಗೆ ಮೆಷಿನ್ ತುಳಿಯುವಂತಿಲ್ಲ ಎಂದು ಅಪ್ಪಣೆಯಾಯಿತು. ನೆಲ ಅದುರಿದರೆ ಮಧ್ಯದಲ್ಲಿ ಫೋಟೋ ಬಿದ್ದುಹೋಗಬಹುದಂತೆ! ಸಂಜೆ ಕಾಫಿ ಹೊತ್ತಿಗೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದರು:

"ಎಲ್ಲಾ ಹೋಯ್ತು. ಫೋನಲ್ಲಿರೋದನ್ನ ಅಳಿಸ್ದೆ. ಕಸದ ಬುಟ್ಟಿ ಅಂತ ಒಂದಿತ್ತು, ಅದನ್ನೂ ಕ್ಲೀನಾಗಿ ಖಾಲಿ ಮಾಡಿದೀನಿ."

ನಾನು ಮೆಚ್ಚಿಕೊಂಡು ಎರಡು ಬೋಂಡ ಜಾಸ್ತಿ ಹಾಕಿದೆ. ಮಾರನೆಯ ಬೆಳಿಗ್ಗೆ ಆ ಬೋಂಡ ಹಾಕಿದ್ದಕ್ಕೆ ಪಶ್ಚಾತ್ತಾಪವಾಯಿತು.

ಬೆಳಿಗ್ಗೆ ಮೆಷಿನ್ನಿಗೆ ಎಣ್ಣೆ ಬಿಡುವ ಮುಂಚೆ ನಾನು ಫೋನಿನಲ್ಲಿ ಒಂದು ಫೋಟೋ ನೋಡುತ್ತೇನೆ. ನಮ್ಮಮ್ಮನ ಬೆನ್ನು. ಅದರ ಜಾಗ ನನಗೆ ಬೆರಳಿಗೇ ಗೊತ್ತಿತ್ತು: ನವಿಲು ಕಸೂತಿಯ ಹಸಿರು ರವಿಕೆಯ ಕೆಳಗೆ, ಗ್ಯಾಸ್ ಪುಸ್ತಕದ ಫೋಟೋದ ಮೇಲೆ.

ಅಮ್ಮ ಸುಂಕದಕಟ್ಟೆಯಲ್ಲಿ ಅಣ್ಣನ ಮನೆಯಲ್ಲಿದ್ದಳು. ನಾನು ಮದುವೆಗೆ ಮುಂಚೆ ಟೈಲರಿಂಗ್ ಕಲಿಯುವಾಗ ಹೊಲಿದ ಮೊದಲನೆಯ ರವಿಕೆ ಅವಳದೇ. ಕನಕಾಂಬರ ಬಣ್ಣ. ಬಲಗಡೆ ತೋಳು ಎಡಗಡೆಯದಕ್ಕಿಂತ ಎರಡು ಬೆರಳು ಮೇಲೆ, ಹಿಂದಿನ ಕತ್ತು ಒಂದು ಕಡೆಗೆ ಜಾರಿದ್ದು. ಹಾಳಾದ್ದು ಟೆರಿಕಾಟ್ ಬಟ್ಟೆ, ಹರಿಯುವ ಜಾತಿಯದಲ್ಲ. ಬೇರೆ ದಿನ ಅದನ್ನು ಪೆಟ್ಟಿಗೆಯಲ್ಲಿಡುತ್ತಿದ್ದಳು. ನನ್ನ ಮನೆಗೆ ಬರುವ ದಿನ ಮಾತ್ರ ತಪ್ಪದೆ ಅದನ್ನೇ ತೊಟ್ಟು ಬರುತ್ತಿದ್ದಳು. ಬಂದವಳು ಒಳಗೆ ಕೂರುತ್ತಿದ್ದಳೇ? ಇಲ್ಲ. ಅಂಗಡಿಯ ಬಾಗಿಲಲ್ಲೇ ಕೂತು, ಬಂದ ಗಿರಾಕಿಗಳಿಗೆಲ್ಲ ಬೆನ್ನು ತೋರಿಸಿ "ಇದು ನನ್ ಮಗಳು ಹೊಲಿದ ಮೊದಲ್ನೇ ರವಿಕೆ ಕಣವ್ವ" ಎನ್ನುತ್ತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಸೆರಗು ಎಳೆದು ಅವಳ ಬೆನ್ನು ಮುಚ್ಚುವುದೇ ನನ್ನ ಕೆಲಸವಾಗುತ್ತಿತ್ತು.

ಒಂದು ದಿನ ಅವಳು ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ತಡೆಯಲಾರದೆ ಹಿಂದಿನಿಂದ ಫೋಟೋ ತೆಗೆದೆ. ಅವಳ ಕಣ್ಣ ಮುಂದೆ ಹಿಡಿದೆ. "ನೋಡು, ಹೆಂಗಿದೆ ನೋಡು! ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋದು ನಿನ್ನ ನೋಡೇ ಹೇಳಿರ್ಬೇಕು. ನಾಳೆಯಿಂದ ಇದನ್ನ ಹಾಕ್ಬೇಡ."

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ನಂಗೇನ್ ಬೆನ್ನಲ್ಲಿ ಕಣ್ಣಿದ್ಯಾ? ನೋಡೋರಿಗೆ ಗೊತ್ತಾಗ್ಲಿ ಬಿಡು, ನನ್ ಮಗಳು ಹೊಲಿದಿದ್ದು ಅಂತ" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಅವಳು ಹೋಗಿ ಮೂರು ವರ್ಷವಾಯಿತು. ಬಟ್ಟೆಬರೆಯನ್ನೆಲ್ಲ ಅತ್ತಿಗೆ ಯಾರಿಗೋ ಕೊಟ್ಟುಬಿಟ್ಟರು, ಆ ರವಿಕೆಯೂ ಹೋಯಿತು. ಗೋಡೆಯ ಮೇಲೆ ಹಾರ ಹಾಕಿರುವುದು ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಫೋಟೋ. ಅದರಲ್ಲಿ ಅಮ್ಮ, ಈಗಷ್ಟೇ ಪೊಲೀಸರು ಹಿಡಿದು ತಂದ ಕಳ್ಳಿಯ ಹಾಗೆ ಕಾಣುತ್ತಾಳೆ. ನನ್ನ ಅಮ್ಮ ಇದ್ದದ್ದು ಆ ಸೊಟ್ಟ ಬೆನ್ನಿನಲ್ಲಿ.

ಟ್ಯಾಬ್ ತೆರೆದರೆ ನವಿಲೂ ಇಲ್ಲ, ಗ್ಯಾಸ್ ಪುಸ್ತಕವೂ ಇಲ್ಲ. ಎಲ್ಲ ಫೋಟೋಗಳಿಗೂ ನಿನ್ನೆಯದೇ ತಾರೀಖು, ಎಲ್ಲವೂ ಕಲಸುಮೇಲೋಗರ. ಗಂಡನನ್ನು ಕೂಗಿದೆ.

"ಎಲ್ಲಾ ಬಂದಿದೆ ಅಂದ್ರಲ್ಲ?"

"ಬಂದಿದೆ. ಮಧ್ಯದಲ್ಲಿ ಕೆಂಪಗೆ ಏನೋ ಬಂತು, ಕೆಲವು ಹೋಗಿಲ್ಲ ಅಂತ. ಓಕೆ ಒತ್ತಿದೆ."

"ಯಾವ ಕೆಲವು?"

"ಅದನ್ನ ಅದು ಹೇಳ್ಲಿಲ್ಲ."

"ನಿಮ್ಮ ಮನೆ ಹಾಳಾಗ!" ಎಂದು ಕಿರುಚಿದೆ. ಅದು ನನ್ನ ಮನೆಯೂ ಹೌದೆಂದು ಆಮೇಲೆ ಹೊಳೆಯಿತು. ಅಮ್ಮನ ಫೋಟೋ ಎಂದು ತಿಳಿದಾಗ ಅವರ ಮುಖ ಬಿಳಿಚಿಕೊಂಡಿತು. ಪಾಪ, ಅತ್ತೆಯೆಂದರೆ ಅವರಿಗೂ ಪ್ರೀತಿಯೇ. ಅಂದು ತಿಂಡಿಯನ್ನು ಕೇಳದೆ ತಾವೇ ಬಡಿಸಿಕೊಂಡರು.

ಹುಡುಕಲು ಕೂತೆ. ಒಂದೊಂದು ಫೋಟೋ ಅವರೆಕಾಳಿನಷ್ಟು. ಯಾವುದನ್ನಾದರೂ ಮುಟ್ಟಿ ದೊಡ್ಡದು ಮಾಡಿ ವಾಪಸ್ ಬಂದರೆ ಆ ದರಿದ್ರದ್ದು ಮತ್ತೆ ಮೊದಲಿಗೇ ಹೋಗಿ ನಿಲ್ಲುತ್ತಿತ್ತು. ಕನಕಾಂಬರ ಬಣ್ಣ ಕಂಡಲ್ಲೆಲ್ಲ ಮುಟ್ಟಿ ದೊಡ್ಡದು ಮಾಡುತ್ತಿದ್ದೆ. ನೋಡಿದರೆ ಯಾರದೋ ನಾಮಕರಣದ ರವಿಕೆ. ಈ ಊರಿನಲ್ಲಿ ಇಷ್ಟು ಜನ ಕನಕಾಂಬರ ಬಣ್ಣ ತೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಗಂಡ ಪಕ್ಕದಲ್ಲಿ ಕೂತು "ಇದಾ? ಇದಾ?" ಎನ್ನುತ್ತಿದ್ದರು. ಒಮ್ಮೆ ನನ್ನದೇ ಬೆನ್ನು ತೋರಿಸಿ "ಇದಾ?" ಎಂದರು. ಎದ್ದು ಹೋಗಿ ಎಂದೆ.

ಮೂರು ದಿನ ಕಳೆಯಿತು. ಸಿಗಲಿಲ್ಲ. ಹೋಗಿಲ್ಲವೆಂದು ಕೆಂಪಗೆ ಬಂದ ಆ ಕೆಲವರಲ್ಲಿ ಅಮ್ಮನೂ ಸೇರಿದ್ದಳೆಂದು ಮನಸ್ಸು ಹೇಳತೊಡಗಿತು. ಹೊಲಿಯುತ್ತ ಕೂತರೆ ಕಣ್ಣು ಮಂಜಾಗಿ ಸೂಜಿಗೆ ದಾರ ಹೋಗುತ್ತಿರಲಿಲ್ಲ. ನಾನೇ ಅವಳ ಬೆನ್ನು ಮುಚ್ಚಿ ಮುಚ್ಚಿ ಇಟ್ಟವಳು, ಈಗ ಹುಡುಕಿದರೆ ಎಲ್ಲಿಂದ ಬರಬೇಕು ಎಂದು ನನ್ನನ್ನೇ ಬೈದುಕೊಂಡೆ.

ನಾಲ್ಕನೆಯ ದಿನ ಅಂಗಡಿ ತುಂಬಿತ್ತು. ಬಸವೇಶ್ವರನಗರದಿಂದ ಬರುವ ಹಳೆಯ ಗಿರಾಕಿಯೊಬ್ಬರು ರವಿಕೆ ಬಿಗಿಯಾಯಿತೆಂದು ಜಗಳ ತೆಗೆದಿದ್ದರು. ನಾನು ಯಥಾಪ್ರಕಾರ "ನೀವು ದಪ್ಪ ಆಗಿದೀರ" ಎಂದಿದ್ದೆ. ಅವರು "ತೂಕ ನೋಡ್ಕೊಂಡೇ ಬಂದಿದೀನಿ" ಎಂದು ಮುಖ ಊದಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ನಾನು ಇನ್ನೊಬ್ಬರ ಅಳತೆ ತೆಗೆಯುತ್ತಿದ್ದೆ, ಮತ್ತೊಬ್ಬರು ಕಾಯುತ್ತಿದ್ದರು. ಮಹಡಿಯ ಮೇಲೆ ಬಾಡಿಗೆಗಿರುವ, ಬಾಗಲಕೋಟೆ ಕಡೆಯ ಹುಡುಗಿ ಡಿಸೈನ್ ಆರಿಸಲು ಟ್ಯಾಬ್ ಹಿಡಿದಿದ್ದಳು. ಅವಳ ಬೆರಳು ಚುರುಕು. ನನ್ನ ಗಂಡ ಕಂತುಕಂತಾಗಿ ಕಳಿಸುವಾಗ ಫೋಟೋಗಳು ಎರಡು ಕಡೆ ಹೋಗಿ ಕೂತಿದ್ದವಂತೆ. ನಾವಿಬ್ಬರೂ ತೆರೆಯದೇ ಇದ್ದ ಇನ್ನೊಂದು ಫೋಲ್ಡರನ್ನು ಅವಳು ಸುಮ್ಮನೆ ಒತ್ತಿ ತೆರೆದಿದ್ದಳು.

"ಅಯ್ಯ, ಪಾಪ!" ಎಂದಳು. "ಈ ಅಜ್ಜಿಗ್ ಯಾರ್ ಹಿಂಗ್ ಹೊಲದ್ ಕೊಟ್ಟಾರ್ರಿ ಆಂಟಿ? ಒಂದ್ ತೋಳ್ ಮ್ಯಾಲ, ಒಂದ್ ತೋಳ್ ಕೆಳಗ! ಆ ಮುಂದಿನ ಕ್ರಾಸಿನ ಬುಟೀಕ್‌ನಾಗ ಕೆಡಿಸಿದ್ದನ್ನ ರಿಪೇರಿಗೆ ತಂದಿದ್ರೇನ್ರಿ?"

ಎಲ್ಲರೂ ಬಗ್ಗಿ ನೋಡಿದರು. ನಾನು ಟೇಪನ್ನು ಗಿರಾಕಿಯ ಕೊರಳಲ್ಲೇ ಬಿಟ್ಟು ಧಾವಿಸಿದೆ. ಕನಕಾಂಬರ. ಟ್ಯಾಬಿನ ಅಗಲಕ್ಕೂ ಅಮ್ಮ ಕೂತಿದ್ದಳು. ಫೋನಿನಲ್ಲಿ ಎಂದೂ ಕಾಣದಿದ್ದುದೆಲ್ಲ ಕಾಣುತ್ತಿತ್ತು: ತುರುಬಿನಿಂದ ತಪ್ಪಿಸಿಕೊಂಡ ಬಿಳಿ ಕೂದಲು, ಮೊಣಕೈ ಪಕ್ಕದ ಅವರೆ ಸಿಪ್ಪೆಯ ಗುಡ್ಡೆ, ನನ್ನ ಕೈಯ ಒಂದೊಂದು ವಕ್ರ ಹೊಲಿಗೆ.

"ನಾನೇ!" ಎಂದು ಕಿರುಚಿದೆ. "ನಾನೇ ಕಣೇ ಹೊಲಿದಿದ್ದು! ಆ ಸೊಟ್ಟ ತೋಳು ನಂದೇ, ಆ ಕತ್ತೂ ನಂದೇ! ನಮ್ಮಮ್ಮಂಗೆ ನಾನು ಹೊಲಿದ ಮೊದಲ್ನೇ ರವಿಕೆ ಅದು!"

ನಾನು ಟ್ಯಾಬನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತೆ. ಗಂಡ ಒಳಗಿನಿಂದ ಓಡಿಬಂದವರು ನನ್ನ ಕೈ ಸರಿಸಿ ಫೋಟೋ ನೋಡಿ ಬಾಗಿಲಿಗೆ ಒರಗಿ ನಿಂತುಬಿಟ್ಟರು. ಹುಡುಗಿ ಹೆದರಿ "ತಪ್ಪಾತ್ರಿ ಆಂಟಿ" ಎಂದಳು. ಬಸವೇಶ್ವರನಗರದವರು ಮಾತ್ರ ಸ್ಟೂಲಿನಿಂದ ಮೆಲ್ಲಗೆ ಎದ್ದರು.

"ಅಂದ್ರೆ ನಿಮ್ಮ ಕೈಯಲ್ಲೂ ತಪ್ಪಾಗುತ್ತೆ ಅಂತಾಯ್ತು."

"ಆಗುತ್ತೆ" ಎಂದೆ, ಸೆರಗಿನಲ್ಲಿ ಮೂಗು ಒರೆಸಿಕೊಂಡು. "ಕೊಡಿ ಇಲ್ಲಿ ನಿಮ್ಮದು, ಬಿಚ್ಚಿ ಹೊಲಿದುಕೊಡ್ತೀನಿ."

ರವಿಕೆ ಕೊಡುತ್ತ ಆಕೆ ಇನ್ನೊಮ್ಮೆ ಟ್ಯಾಬಿನೊಳಗೆ ಬಗ್ಗಿ ನೋಡಿದರು. "ಇಷ್ಟು ಸೊಟ್ಟ ಇದ್ರೂ ಅವರು ಹಾಕ್ಕೊಂಡ್ರಾ?"

"ಮೂವತ್ತು ವರ್ಷ" ಎಂದೆ.