ಗಂಡಿನ ಕಡೆಯವರನ್ನು ಕತ್ತರಿಸಿದ ಕ್ಯಾಮೆರಾ

ಕಾಕಾನ ಜನಿವಾರಕ್ಕೆ ಒಂದು ಭೂತಗನ್ನಡಿ ಕಟ್ಟಿರುತ್ತಿತ್ತು. ಅವರ ಓರಗೆಯವರು ಕಪಾಟಿನ ಬೀಗದ ಕೈ ಕಟ್ಟಿಕೊಳ್ಳುವ ಜಾಗದಲ್ಲಿ, ಬನಿಯನ್ನಿನ ಮೇಲೆ, ಕಪ್ಪು ಅಂಚಿನ ಆ ಪುಟ್ಟ ಗಾಜು ತೂಗಾಡುತ್ತಿತ್ತು. ಏನಾದರೂ ನೋಡಬೇಕೆಂದರೆ ಅದನ್ನು ಬಿಚ್ಚುತ್ತಿರಲಿಲ್ಲ. ಜನಿವಾರವನ್ನೇ ಜಗ್ಗಿ ಕಣ್ಣಿಗೆ ಹಚ್ಚಿಕೊಂಡು, ಮೂಗು ಫೋಟೋಗೆ ತಾಗುವಷ್ಟು ಬಗ್ಗಿ, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಎದುರಿಗೆ ಕೂತವನ ಉಸಿರೂ ಆಗ ನಿಂತೇ ಹೋಗಿರುತ್ತಿತ್ತು.

ಅವರು ನನ್ನ ಸಂಬಂಧಿಕರೇನಲ್ಲ. ಜಿಲ್ಲೆಯ ಫೋಟೋಗ್ರಾಫರುಗಳಿಗೆಲ್ಲ ಅವರು ಕಾಕಾ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ, ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು. ಬೋರ್ಡು ಇರಲಿಲ್ಲ, ಬಾಗಿಲ ಮುಂದಿನ ಚಪ್ಪಲಿಗಳೇ ಗುರುತು. ಹೆಂಡತಿ ಕಾಕು ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ಹೈದರಾಬಾದಿನಿಂದ ಸಾಮಾನು ತರುವವನ ಜೊತೆ ಉರ್ದು. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. ಎಂಬತ್ತರ ದಶಕದಲ್ಲಿ ನಾನು ಕಮಲಾಪುರದಲ್ಲಿ ಸ್ಟುಡಿಯೋ ತೆರೆದಾಗ ನನ್ನ ಮೊದಲ ಕ್ಯಾಮೆರಾದ ಶಟರ್ ಬಿಗಿದುಕೊಂಡಿತು, ಅದನ್ನು ಬಿಡಿಸಿಕೊಟ್ಟವರು ಅವರು. ಅವತ್ತಿನಿಂದ ಕೊನೆಯತನಕ ನಾನು ಅವರಿಗೆ 'ಕಮಲಾಪುರದವರು'.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲದಲ್ಲಿ ನಮ್ಮವರ ಬಾಯಲ್ಲೆಲ್ಲ ಒಂದೇ ಮಾತು: ಫುಲ್ ಫ್ರೇಮ್. ಹಳೆಯ ರೀಲಿನಷ್ಟೇ ದೊಡ್ಡ ಸೆನ್ಸರ್ ಇರುವ ಡಿಜಿಟಲ್ ಕ್ಯಾಮೆರಾ. ನಮ್ಮ ಕೈಗೆಟುಕುವಂಥವು ಎರಡಿದ್ದವು, ಎರಡು ಬೇರೆ ಬೇರೆ ಕಂಪನಿಯವು. ಒಂದರಲ್ಲಿ ಮೆಗಾಪಿಕ್ಸೆಲ್ ಜಾಸ್ತಿ. ಐವತ್ತು ಮಂದಿಯ ಫೋಟೋವನ್ನು ಗೋಡೆಯಷ್ಟು ದೊಡ್ಡದು ಮಾಡಿದರೂ ಹಿಂದಿನ ಸಾಲಿನವನ ಮೀಸೆಯ ಕೂದಲು ಎಣಿಸಬಹುದು. ಇನ್ನೊಂದರಲ್ಲಿ ಪಿಕ್ಸೆಲ್ ಕಮ್ಮಿ, ಆದರೆ ಕರೆಂಟು ಹೋದ ಮನೆಯಲ್ಲೂ ಫ್ಲ್ಯಾಶ್ ಇಲ್ಲದೆ ಮುಖ ತೆಗೆಯುತ್ತದೆ, ಗುಂಡಿ ಒತ್ತಿ ಹಿಡಿದರೆ ಟಪಟಪನೆ ಹೊಡೆಯುತ್ತಲೇ ಇರುತ್ತದೆ. ಯಾವುದು ತಗೊಳ್ಳಲಿ ಎಂದು ಕೇಳಲು ಎಲ್ಲರೂ ಕಾಕಾನ ಮನೆಗೆ ಹೋಗುತ್ತಿದ್ದರು. ಕಾಕಾ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು:

"ನಿಮ್ಮ ಕೆಟ್ಟ ಫೋಟೋ ತಗೊಂಡ್ ಬರ್ರಿ. ಛಲೋವು ಬ್ಯಾಡ."

ಕೆಟ್ಟ ಫೋಟೋ ನೋಡಿಯೇ ಅವರು ಕ್ಯಾಮೆರಾ ಹೇಳುತ್ತಿದ್ದರು. ಪತ್ರಿಕೆಯ ಫೋಟೋಗ್ರಾಫರೊಬ್ಬರು ತಂದ ಚಿತ್ರಗಳಲ್ಲಿ ಭಾಷಣದವರ ಕೈ, ಓಡುವವರ ಕಾಲು ಎಲ್ಲ ಹೊಗೆಯಾಗಿದ್ದವು, ಅವರಿಗೆ ಚುರುಕಿನದು. ಕುಸನೂರಿನವರೊಬ್ಬರು ಪ್ರೊಫೆಸರುಗಳಿಗಾಗಿ ಶಾಸನದ ಕಲ್ಲುಗಳ ಫೋಟೋ ತೆಗೆಯುತ್ತಿದ್ದರು. ಕಲ್ಲು ನೆಟ್ಟಗೆ ಬಂದಿದೆ, ಅಕ್ಷರ ಕಲಸಿಹೋಗಿದೆ. ಅವರಿಗೆ ಪಿಕ್ಸೆಲ್ ಜಾಸ್ತಿ ಇದ್ದದ್ದು. ಬರೀ ಪಾಸ್‌ಪೋರ್ಟ್ ಫೋಟೋ ತೆಗೆಯುವ ಶರಣಸಿರಸಗಿಯವರಿಗೆ, "ನಿಮಗ ಎರಡೂ ಬ್ಯಾಡ್ರಿ, ಎರಡು ಛಲೋ ಲೈಟ್ ತಗೋರಿ" ಅಂದುಬಿಟ್ಟರು.

ನನ್ನ ತ್ರಾಸೇ ಬೇರೆ. ನಾನು ಮದುವೆ ಫೋಟೋದವನು. ರೀಲು ಬಿಟ್ಟು ಸಣ್ಣ ಸೆನ್ಸರಿನ ಡಿಜಿಟಲ್ ಹಿಡಿದು ಕೆಲವು ವರ್ಷ ಚೆನ್ನಾಗಿಯೇ ನಡೆದಿತ್ತು. ಆಮೇಲೆ ಶುರುವಾಯಿತು ಜಗಳ. ವೇದಿಕೆಯ ಗುಂಪಿನ ಫೋಟೋದಲ್ಲಿ ಅಂಚಿಗೆ ನಿಂತವರು ಅರ್ಧ ಕತ್ತರಿಸಿಹೋಗುತ್ತಿದ್ದರು. ಒಂದು ಮದುವೆಯಲ್ಲಿ ವರನ ಸೋದರಮಾವ, ಇನ್ನೊಂದರಲ್ಲಿ ವರನ ಅಣ್ಣ, ಮೂರನೆಯದರಲ್ಲಿ ಖುದ್ದು ವರನ ಅಪ್ಪ. ಬೀಗರು ಬಿಡುತ್ತಾರೆಯೇ? "ಹೆಣ್ಣಿನವರು ಕರ್ಸಿದ ಫೋಟೋದವ ಇವ. ನಮ್ಮ ಕಡಿಯವರ್ನ ಬೇಕಂತನೇ ಕಡದಾನ!" ಎಂದು ಆಲ್ಬಮ್ ಹಿಡಿದುಕೊಂಡು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲೇ ಕೂಗಾಡಿದರು. ಎರಡು ಮನೆತನಗಳ ನಡುವೆ ಮಾತು ನಿಂತಿತು. ನನಗೆ ಬರುತ್ತಿದ್ದ ಮದುವೆಗಳೂ ಕಮ್ಮಿಯಾದವು. ನನಗೆ ಕಾರಣ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದೆ: ಸಣ್ಣ ಸೆನ್ಸರ್ ಅಂಚು ತಿನ್ನುತ್ತದೆ. ಫುಲ್ ಫ್ರೇಮ್ ಬಂದರೆ ಎಲ್ಲ ಸರಿಹೋಗುತ್ತದೆ.

ಒಂದು ಚಿಪ್ಪು ಕೆಂಪು ಬಾಳೆಹಣ್ಣು, ನನ್ನ ಅತ್ಯುತ್ತಮ ಆಲ್ಬಮ್ ಎತ್ತಿಕೊಂಡು ಬಸ್ಸು ಹತ್ತಿದೆ. ಕಾಕಾ ಹಣ್ಣು ಇಟ್ಟುಕೊಂಡರು, ಆಲ್ಬಮ್ ತೆರೆಯದೆ ವಾಪಸು ಕೊಟ್ಟರು. "ಇದು ಮಂದಿಗಿ ತೋರಸೋದು. ಕೆಟ್ಟವು ತರ್ರಿ." ಎರಡನೆಯ ಸಲ ಹತ್ತು ಫೋಟೋ ಆರಿಸಿ ಒಯ್ದೆ. "ಇವು ನೀವು ಆರಿಸಿದ ಕೆಟ್ಟವು. ಆರಿಸಬ್ಯಾಡ್ರಿ, ಎಲ್ಲಾ ತರ್ರಿ" ಅಂದರು. ಎಲ್ಲ ಎಲ್ಲಿಂದ ತರುವುದು? ಕೆಟ್ಟದ್ದನ್ನು ಅಲ್ಲಲ್ಲೇ ಅಳಿಸಿಹಾಕುವುದು ನಮ್ಮ ಕಸುಬಿನವರ ಚಟ. ಒಂದು ಇಡೀ ಮದುವೆ ಒಂದೂ ಅಳಿಸದೆ ತೆಗೆಯಬೇಕಾಯಿತು. ಅಷ್ಟರಲ್ಲಿ ನಮ್ಮೂರಿನ ಇನ್ನೊಂದು ಸ್ಟುಡಿಯೋದವನು ಹೊಸ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ತಿರುಗತೊಡಗಿದ್ದ. ನನ್ನ ಹೊಟ್ಟೆ ಉರಿದುಹೋಯಿತು. ಕ್ಯಾಮೆರಾದ ಹೆಸರೊಂದು ಹೇಳಲು ಈ ಮುದುಕನಿಗೆ ಏನು ಧಾಡಿ ಎಂದು ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಮೂರನೆಯ ಸಲ ಹೋದೆ.

ಅವತ್ತು ಆ ಪತ್ರಿಕೆಯ ಫೋಟೋಗ್ರಾಫರ್ ಕೂಡ ಅಲ್ಲಿದ್ದರು. ಕಾಕಾ ನನ್ನ ಸಣ್ಣ ಪ್ರಿಂಟುಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಹರಡಿದರು. ಒಂದೊಂದರ ಮೇಲೂ ಬಗ್ಗಿದರು. ಕಾಕು ತಂದಿಟ್ಟ ಚಹಾ ಆರಿತು. ಕೊನೆಗೆ ತಲೆ ಎತ್ತಿ ಕೇಳಿದರು:

"ಕಮಲಾಪುರದವರೇ, ನಿಮ್ಮ ಕ್ಯಾಮೆರಾಕ್ಕ ಗಂಡಿನ ಕಡಿಯವರ ಮ್ಯಾಲ ಯಾಕ ಇಷ್ಟು ಸಿಟ್ಟು?"

"ಅದಕ್ಕೇ ಬಂದೀನ್ರಿ ಕಾಕಾ. ಸಣ್ಣ ಸೆನ್ಸರ್, ಅಂಚು ತಿಂತದ."

"ತಿಂದ್ರ ಎರಡೂ ಕಡಿಗಿ ತಿನ್ನಬೇಕಲ್ರಿ? ಹೆಣ್ಣಿನ ಕಡಿಯವರು ಕೈಬಳಿ ಸಮೇತ ಪೂರಾ ಬಂದಾರ. ಎಡಗಡಿ ನಿಂತ ಗಂಡಿನವರು ಅಷ್ಟೇ ಹೋಗ್ಯಾರ, ಎಲ್ಲಾದ್ರಾಗೂ." ಭೂತಗನ್ನಡಿ ಕೆಳಗೆ ಬಿಟ್ಟು ಕೇಳಿದರು, "ಯಾವ ಕಣ್ಣಿಂದ ನೋಡ್ತೀರಿ?"

"ಬಲಗಣ್ಣು."

"ಹಂಗಾರ ಎರಡೂ ಕ್ಯಾಮೆರಾ ಬ್ಯಾಡ. ಮೊದಲ ಕಣ್ಣು ತೋರಸ್ರಿ. ಹಿಂದಿನ ಗಲ್ಲಿಯೊಳಗ ದವಾಖಾನಿ ಅದ, ಇವತ್ತೇ ಹೋಗ್ರಿ."

ಪತ್ರಿಕೆಯವರು ಮೆಲ್ಲಗೆ ನಕ್ಕರು. ಅಥವಾ ನನಗೆ ಹಾಗನ್ನಿಸಿತು. ನಾನು ಕೇಳಿದ್ದೇನು, ಇವರು ಹೇಳಿದ್ದೇನು! ಫೋಟೋದವನ ಕಣ್ಣು ಸರಿಯಿಲ್ಲ ಅಂತ ಇನ್ನೊಬ್ಬ ಫೋಟೋದವನ ಎದುರಿಗೆ ಹೇಳುವುದೆಂದರೆ ಅವನ ಅಂಗಡಿಗೆ ಬೀಗ ಜಡಿದ ಹಾಗೆ. ಸೂಜಿಗೆ ದಾರ ಪೋಣಿಸುವ ಕಣ್ಣು ನನ್ನದು. "ಕಣ್ಣು ಛಲೋ ಅದ ರೀ ಕಾಕಾ, ನೀವು ಕ್ಯಾಮೆರಾ ಹೇಳೋದಿದ್ರ ಹೇಳ್ರಿ" ಅಂದೆ. ಅವರು ಹೇಳಲಿಲ್ಲ. ಪ್ರಿಂಟುಗಳನ್ನು ಬಾಚಿಕೊಂಡು ಎದ್ದೆ. ಹಿಂದಿನ ಗಲ್ಲಿಯ ಕಡೆ ತಿರುಗಿಯೂ ನೋಡದೆ ಬಸ್‌ಸ್ಟ್ಯಾಂಡಿಗೆ ನಡೆದೆ.

ಮರುವಾರವೇ ಪಿಕ್ಸೆಲ್ ಜಾಸ್ತಿ ಇದ್ದ ಕ್ಯಾಮೆರಾ ತಂದೆ. ಅದು ತೆಗೆದ ಮೊದಲ ಮದುವೆಯಲ್ಲಿ ವರನ ಚಿಕ್ಕಪ್ಪ ಅರ್ಧ ಬಂದ. ಎಂಥ ಸ್ಪಷ್ಟ ಅರ್ಧ! ಅಂಗಿಯ ನೂಲು ನೂಲೂ ಕಾಣುತ್ತಿತ್ತು. ಆಗಲಾದರೂ ಬುದ್ಧಿ ಬರಬೇಕಿತ್ತು. ನಾನು ಲೆನ್ಸನ್ನು ಬೈದೆ, ವೇದಿಕೆಯನ್ನು ಬೈದೆ, ಸರಿದು ನಿಲ್ಲದ ಬೀಗರನ್ನು ಬೈದೆ. ಎಲ್ಲಕ್ಕಿಂತ ಹೆಚ್ಚು ಕಾಕಾನನ್ನು ಬೈದೆ. ಪ್ರಿಂಟ್ ಹಾಕಿಸಲು ಹೋದ ಲ್ಯಾಬಿನಲ್ಲಿ, ಮದುವೆ ಮಂಟಪಗಳಲ್ಲಿ, ಸಿಕ್ಕ ಫೋಟೋಗ್ರಾಫರುಗಳಿಗೆಲ್ಲ, "ಕಾಕಾಗ ಅರಳು ಮರಳು ಆಗ್ಯಾದ, ಅವರ ಮಾತು ಕೇಳಬ್ಯಾಡ್ರಿ" ಎಂದು ಹೇಳಿಕೊಂಡು ತಿರುಗಿದೆ. ನಡುವೆ ಪತ್ರಿಕೆಯವರು ಎರಡು ಸಲ ಫೋನ್ ಮಾಡಿ, "ಕಾಕಾ ಕೇಳ್ಲಾಕತ್ತಾರ, ದವಾಖಾನಿಗಿ ಹೋಗಿದ್ರೇನು?" ಅಂದರು. ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡು ಎರಡು ಸಲವೂ ಫೋನ್ ಕಟ್ ಮಾಡಿದೆ.

ಹೀಗೆ ಎಂಟು ತಿಂಗಳು ಹೋದವು. ಪತ್ರಿಕೆಯವರ ಮೂರನೆಯ ಫೋನು ಬಂದಾಗ ಕಾಕಾ ಇರಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಕೂತವರು ಕೂತಲ್ಲೇ ಹೋಗಿದ್ದರು.

ನಾಲ್ಕು ದಿನದ ನಂತರ ಕಾಕುವನ್ನು ಮಾತಾಡಿಸಲು ಹೋದೆ. ಮುಂದಿನ ಕೋಣೆಯಲ್ಲಿ ನಮ್ಮ ಕಸುಬಿನವರೇ ತುಂಬಿದ್ದರು. ನನ್ನನ್ನು ನೋಡಿದ ಕೂಡಲೇ ಕಾಕು ಕೇಳಿದರು:

"ನೀವು ಕಮಲಾಪುರದವರಲ್ಲೇನ್ರಿ? ಹೋದ ವಾರ ಸುದ್ದಾ ಕೇಳ್ಲಾಕತ್ತಿದ್ರು, ಕಮಲಾಪುರದವರು ಕಣ್ಣು ತೋರಸಿದ್ರೋ ಇಲ್ಲೋ ಅಂತ. ತೋರಸಿದ್ರೇನ್ರಿ?"

ಹೂಂ ಅಂದುಬಿಡಬಹುದಿತ್ತು. ಆದರೂ "ಇಲ್ರಿ ಕಾಕು" ಅಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಇವರದೂ ಹಂಗೇ ಆಗಿತ್ತು ನೋಡ್ರಿ. ಲಗ್ನಾದ ಹೊಸದರಾಗ ಇವರದೂ ಸ್ಟುಡಿಯೋ ಇತ್ತು. ಫೋಟೋ ಕೆಟ್ಟವು ಬರಲಾಕತ್ತಾವಂತ ಹರದು ಹರದು ಒಗೀತಿದ್ರು, ಯಾರಿಗೂ ತೋರಸಲಿಲ್ಲ. ದವಾಖಾನಿಗಿ ಹೋಗೋದ್ರೊಳಗ ಒಂದು ಕಣ್ಣು ಪೂರಾ ಹೋಗಿತ್ತು. ನೀವು ಹೋಗ್ರಿ ಇವತ್ತು. ಡಾಕ್ಟರ್ ನಾಕಕ್ಕ ಬರ್ತಾರ."

ಇಪ್ಪತ್ತು ವರ್ಷ ಆ ಕೋಣೆಯಲ್ಲಿ ಕೂತು ಎದ್ದ ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ.

ನಾಲ್ಕಕ್ಕೆ ಹೋದೆ. ಒಂದು ದೊಡ್ಡ ಬಿಳಿ ಬೋಗುಣಿಯೊಳಗೆ ಮುಖ ಇಡಿಸಿ, ಎಡಗಣ್ಣು ಮುಚ್ಚಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಬಲಗಡೆ ಚುಕ್ಕೆ ಮೂಡುತ್ತಲೇ ಇದ್ದವು. ಎಡಗಡೆ ಒಂದೂ ಬರಲಿಲ್ಲ. ಮಷಿನ್ ಕೆಟ್ಟಿದೆಯೇನೋ ಅಂದೆ. ಡಾಕ್ಟರು ಕಾಗದ ತೋರಿಸಿದರು. ಕಣ್ಣಿನೊಳಗಿನ ಒತ್ತಡದ ರೋಗ, ನೋವಿಲ್ಲದೆ ಅಂಚಿನಿಂದ ತಿನ್ನುತ್ತಾ ಬರುತ್ತದೆ. ಹೋದದ್ದು ಬರುವುದಿಲ್ಲ, ದಿನಾ ಹನಿ ಹಾಕಿಕೊಂಡರೆ ಇದ್ದದ್ದು ಉಳಿಯುತ್ತದೆ ಅಂದರು. "ಎಂಟು ತಿಂಗಳು ಮೊದಲೇ ಬಂದಿದ್ರ?" ಎಂದು ಕೇಳಿದೆ. ಅವರು ಚೀಟಿ ಬರೆಯತೊಡಗಿದರು.

ಇದ್ದದ್ದು ಉಳಿದಿದೆ. ಎಡಗಣ್ಣಿನಿಂದ ಫೋಟೋ ತೆಗೆಯುವುದು ಕಲಿತೆ, ಗಂಡಿನ ಕಡೆಯವರು ಈಗ ಪೂರಾ ಬರುತ್ತಾರೆ. ಆದರೂ ಹನಿ ಹಾಕಿಕೊಂಡು ಕಣ್ಣು ಮುಚ್ಚಿ ಮಲಗುವ ಆ ಐದು ನಿಮಿಷ ದಿನವೂ ಸಿಟ್ಟು ಬರುತ್ತದೆ. ಮೊದಲು ಕಾಕಾನ ಮೇಲೆ: ಎಲ್ಲರ ಮುಂದೆ ಅನ್ನುವ ಬದಲು ನನ್ನೊಬ್ಬನನ್ನೇ ಹೊರಗೆ ಕರೆದು, ನನಗೂ ಹೀಗಾಗಿತ್ತು ಅಂತ ಒಂದು ಮಾತು ಹೇಳಬಾರದಿತ್ತೇ? ಆಮೇಲೆ ಆ ಸಿಟ್ಟು ನನ್ನ ಕಡೆಗೇ ಹೊರಳುತ್ತದೆ. ಎಂಟು ತಿಂಗಳು ಅವರು ಸಿಕ್ಕವರನ್ನೆಲ್ಲ ನನ್ನ ಕಣ್ಣಿನ ಬಗ್ಗೆ ಕೇಳುತ್ತಿದ್ದರು. ಅದೇ ಎಂಟು ತಿಂಗಳು ನಾನು ಅದೇ ಮಂದಿಗೆ ಅವರ ತಲೆ ಕೆಟ್ಟಿದೆ ಎಂದು ಹೇಳುತ್ತಿದ್ದೆ. ಅದು ಅವರ ಕಿವಿಗೆ ಬೀಳದೇ ಇರಲು ಸಾಧ್ಯವಿಲ್ಲ. ಆದರೂ ಕೇಳುವುದನ್ನು ಬಿಟ್ಟಿರಲಿಲ್ಲ.