ಫ್ಲೆಕ್ಸ್ ಮೇಲಿನ ಅಕ್ಕ

ನಾವು ಹಾಸನದ ಕಡೆಯವರು. ನನ್ನ ಗಂಡನಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸವಾದ ಮೇಲೆ ಅಲ್ಲಿನ ಕೋರಮಂಡಲ್ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದೆವು. ನಾನು ಹತ್ತಿರದ ಉರಿಗಾಂನ ಸಣ್ಣ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆಯ ಹಿಂದೆ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳು. ಅವುಗಳಾಚೆ, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡ. ಎಲ್ಲರೂ ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಆಷಾಢದ ಗಾಳಿ ಎದ್ದರೆ ಗುಡ್ಡವೇ ಎದ್ದು ನಡೆದು ಬಂದ ಹಾಗೆ. ಅನ್ನದ ತಪ್ಪಲೆ, ಹಾಸಿಗೆ, ನಮ್ಮ ಮಗಳ ಕಣ್ಣ ರೆಪ್ಪೆ, ಎಲ್ಲದರ ಮೇಲೂ ಬಿಳಿ ಪುಡಿ.

ಲೈನಿನ ಕೊನೆಯ ಮನೆಯಲ್ಲಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಬಂಗಾರಪೇಟೆ ಹತ್ತಿರದ ಹಳ್ಳಿಯ ಒಕ್ಕಲು ಮನೆತನದ ಹೆಣ್ಣು, ಗಣಿ ಕೆಲಸಗಾರನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಗಣಿ ಮುಚ್ಚಿದ ಮೇಲೆ ಗಂಡ ಕೆಲವು ವರ್ಷ ಕೆಮ್ಮುತ್ತಾ ಬದುಕಿದ್ದು ತೀರಿಹೋದನಂತೆ. ಅವಳು ಹಸು ಕಟ್ಟಿಕೊಂಡು ಲೈನಿಗೆಲ್ಲ ಹಾಲು ಹಾಕುತ್ತಿದ್ದಳು. ತಮಿಳಿನ ಮನೆಯಲ್ಲಿ ತಮಿಳು, ತೆಲುಗಿನ ಮನೆಯಲ್ಲಿ ತೆಲುಗು, ನಮ್ಮ ಬಾಗಿಲಲ್ಲಿ ಕನ್ನಡ. ಜೋರು ದನಿ. ಅವಳು ಬರುವುದು ಎರಡು ಮನೆ ಆಚೆಯಿಂದಲೇ ತಿಳಿಯುತ್ತಿತ್ತು.

ಒಂದು ವರ್ಷ ಒಬ್ಬ ಸಿನಿಮಾ ನಟಿ ನಮ್ಮಲ್ಲಿಗೆ ಬಂದಳು. ಹೆಸರು ಹೇಳಿದರೆ ಎಲ್ಲರಿಗೂ ಗೊತ್ತಾಗುವಂಥವಳು. ಒಂದು ದೊಡ್ಡ ಕಂಪನಿಯ ಸೇವಾ ಸಂಸ್ಥೆ ಅವಳನ್ನು ಕರೆತಂದಿತ್ತು. ಗಣಿಯವರ ಕುಟುಂಬಗಳಿಗೆ ನ್ಯಾಯ ಕೊಡಿಸುವ ಅಭಿಯಾನ ಎಂದರು. ಶಾಲೆಯಿಂದ ಜೊತೆಗಿರಲು ನನ್ನನ್ನು ಕಳಿಸಿದ್ದರು.

ನಾನು ಅವಳನ್ನು ಅನುಮಾನದಿಂದಲೇ ನೋಡಿದ್ದೆ. ಆದರೆ ಅವಳು ಅಕ್ಕನ ಮನೆಯ ಮುಂದೆ ನೆಲದ ಮೇಲೆ ಕೂತಳು, ಕುರ್ಚಿ ತಂದವರನ್ನು ವಾಪಸ್ ಕಳಿಸಿದಳು, ಅಕ್ಕ ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದಳು. ಕ್ಯಾಮೆರಾ ಇನ್ನೂ ಶುರುವಾಗಿರಲಿಲ್ಲ. ಗಂಡನ ಕೊನೆಯ ದಿನಗಳನ್ನು ಅಕ್ಕ ಹೇಳುವಾಗ ನಟಿ ನಿಜವಾಗಿಯೇ ಅತ್ತಳು.

"ಏನು ಬೇಕು ಹೇಳಿ ಅಮ್ಮ. ನಾನು ನಿಮ್ಮ ಮಗಳು ಅಂದ್ಕೊಳ್ಳಿ" ಎಂದಳು.

ಕ್ಯಾಮೆರಾದ ಮುಂದೆ ಅಕ್ಕ ತಡವರಿಸಲಿಲ್ಲ. "ಈ ಧೂಳ್ನಾಗೆ ಬದುಕಾಕಾಗಲ್ಲ, ಬೇರೆ ಕಡೆ ಕಳ್ಸಿ ಅಂತ ಕೆಲವ್ರು ಏಳ್ತಾರೆ ತಾಯಿ. ನಾನು ಎಲ್ಲಿಗೂ ಓಗಲ್ಲ. ಆ ಗುಡ್ಡದ ಮ್ಯಾಲೆ ಗಿಡ ಆಕ್ಸಿ, ಧೂಳು ಏಳ್ದಂಗೆ ಮಾಡಿ. ಮುಚ್ಚೋಗಿರೋ ಆಸ್ಪತ್ರೆ ತೆಗಿಸಿ. ಈ ಮನೆ ನಮ್ಗೇ ಬಿಡ್ಲಿ. ಅಷ್ಟೇಯ."

ನಟಿ ಅವಳ ಕೈ ಹಿಡಿದುಕೊಂಡೇ ಇದ್ದಳು. ಸ್ವಲ್ಪ ದೂರದಲ್ಲಿ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬ ನಿಂತಿದ್ದ. ಬಿಳಿ ಅಂಗಿ, ಮೆತ್ತನೆಯ ಮಾತು. ಅಕ್ಕ ಮಾತಾಡುವಷ್ಟು ಹೊತ್ತೂ ಅವನು ಅವಳ ಕಡೆ ನೋಡಲೇ ಇಲ್ಲ. ಗುಡ್ಡ ನೋಡಿದ, ಲೈನಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದ, ಮತ್ತೆ ಗುಡ್ಡ ನೋಡಿದ. ಮನೆ ಕಟ್ಟಿಸುವವರು ನಿವೇಶನ ನೋಡುವ ರೀತಿ.  ಹಾಗೇಕೆಂದು ನನಗೆ ಆಗ ತಿಳಿಯಲಿಲ್ಲ.

ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಪಿಟೀಲಿನ ಸಂಗೀತ, ಎದ್ದ ಧೂಳು, ನಟಿಯ ಕಣ್ಣೀರು. ಕೊನೆಯಲ್ಲಿ ಅಕ್ಕನ ಮುಖ ಪರದೆ ತುಂಬಿತು. "ಈ ಧೂಳ್ನಾಗೆ ಬದುಕಾಕಾಗಲ್ಲ, ಬೇರೆ ಕಡೆ ಕಳ್ಸಿ" ಎಂದಳು. ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಕತ್ತರಿಸಿದ್ದರು.

ಅಕ್ಕ ನನ್ನ ಮೊಬೈಲಿನಲ್ಲಿ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. "ಮಿಕ್ಕಿದ್ದೆಲ್ಲೋಯ್ತು ಟೀಚರಮ್ಮ? ನೀವೂ ಅಲ್ಲೇ ಇದ್ರಲ್ಲ?"

"ಇದ್ದೆ ಅಕ್ಕ. ನೀವು ಹೇಳಿದ್ದು ನಾನು ಕೇಳಿದೀನಿ."

"ಇನ್ನೊಂದು ವಿಡಿಯೋ ಇರ್ಬೇಕು, ನಾಳೆ ಬತ್ತದೆ" ಎಂದು ಅವಳೇ ಸಮಾಧಾನ ಮಾಡಿಕೊಂಡಳು.

ಅದು ಬರಲಿಲ್ಲ. ಒಂದು ದಿನ ಹಸುವಿನ ಹಿಂಡಿ ತರಲು ಬಂಗಾರಪೇಟೆಗೆ ಹೋದಾಗ ನಾನೂ ಜೊತೆಗಿದ್ದೆ. ಸ್ಟೇಷನ್ ಹೊರಗೆ ಆಳೆತ್ತರಕ್ಕೂ ಮೀರಿದ ಫ್ಲೆಕ್ಸ್. ನಟಿ ಅಕ್ಕನ ಹೆಗಲ ಮೇಲೆ ಕೈ ಹಾಕಿದ್ದಾಳೆ. 'ಧೂಳಿನಿಂದ ಬಿಡುಗಡೆ' ಎಂದು ದೊಡ್ಡ ಅಕ್ಷರ, ಕೆಳಗೆ ಕಂಪನಿಯ ಗುರುತು. ಬೆಂಗಳೂರಿನ ರೈಲಿಗೆ ಓಡುವವರು ಅದರ ಕೆಳಗೇ ಹೋಗುತ್ತಿದ್ದರು. ಒಬ್ಬರೂ ಪಕ್ಕದಲ್ಲಿ ನಿಂತಿದ್ದ ಅಕ್ಕನನ್ನು ಗುರುತಿಸಲಿಲ್ಲ. ಚಿತ್ರದಲ್ಲಿ ಅವಳ ಕೆನ್ನೆಯನ್ನು ಇನ್ನಷ್ಟು ಗುಳಿ ಮಾಡಿ, ಕಣ್ಣಿನ ಸುತ್ತ ಕಪ್ಪು ಬಳಿದಿದ್ದರು.

ಅವಳು ತಲೆ ಎತ್ತಿ ಬಹಳ ಹೊತ್ತು ನೋಡಿದಳು. "ಸತ್ತೋರ ಫೋಟೋ ಇದ್ದಂಗದೆ" ಎಂದಳು. 

ಮುಂದಿನ ವಾರ ಲೈನಿನ ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತುಗಳು ಬಿದ್ದವು. ಅಳತೆ ಮಾಡಲು ಬಂದ ಹುಡುಗಿಯರು ಎಲ್ಲರನ್ನೂ ಅಮ್ಮ, ಅಪ್ಪ ಎಂದೇ ಕರೆದರು. ಊರಾಚೆ ಹೊಸ ಫ್ಲಾಟ್ ಕೊಡುತ್ತಾರಂತೆ. ಗುಡ್ಡದ ಮಣ್ಣಿನಲ್ಲಿ ಇನ್ನೂ ಚಿನ್ನ ಉಳಿದಿದೆ, ಅದನ್ನು ಅದೇ ಕಂಪನಿ ತೆಗೆಯುತ್ತದೆ, ಅದಕ್ಕೆ ಈ ಜಾಗ ಖಾಲಿಯಾಗಬೇಕು ಎಂಬುದು ನಿಧಾನವಾಗಿ ಗೊತ್ತಾಯಿತು. ಯಾರಾದರೂ ಎದುರು ಮಾತಾಡಿದರೆ ಆ ಹುಡುಗಿಯರು ನಗುತ್ತಲೇ ಮೊಬೈಲ್ ತೆಗೆದು ಅಕ್ಕನ ವಿಡಿಯೋ ತೋರಿಸುತ್ತಿದ್ದರು. ನಿಮ್ಮವರೇ ಕೇಳಿಕೊಂಡಿದ್ದಲ್ಲವಾ?

ಲೈನಿನವರು ಅಕ್ಕನ ಹಾಲು ನಿಲ್ಲಿಸಿದರು. ಹೆತ್ತ ಮಗಳಂತಿದ್ದ ಪಕ್ಕದ ಮನೆಯವಳು, ಯಾಕಕ್ಕಾ ಹೀಗೆ ಹೇಳಿಬಿಟ್ಟೆ ಎಂದು ತಮಿಳಿನಲ್ಲಿ ಕೇಳಿ ಬಾಗಿಲು ಹಾಕಿಕೊಂಡಳು. ನಾನು ಮನೆಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಕೆಲವರು ನಂಬಿದರು. ನಂಬಿದವರೂ ಹಾಲು ಮಾತ್ರ ತೆಗೆದುಕೊಳ್ಳಲಿಲ್ಲ.

ಆಮೇಲೆ ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ. ನಟಿ ಬರುತ್ತಾಳೆ, ಅಕ್ಕನಿಗೆ ಸನ್ಮಾನ ಎಂದು ಕಾರು ಕಳಿಸಿದರು. "ಆಯಮ್ಮನ್ಗೆ ಗೊತ್ತಿರಾಕಿಲ್ಲ. ಮಕಕ್ಕೆ ಮಕ ಏಳಿದ್ರೆ ಕೇಳ್ತಾಳೆ. ನೀವೂ ಬನ್ನಿ" ಎಂದಳು ಅಕ್ಕ. ಹೋದೆವು.

ವೇದಿಕೆಯ ಮೇಲೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತಾಡಿ ಎಂದು ನಿರೂಪಕ ಮೈಕು ಹಿಡಿದ. ಅಕ್ಕ ನಟಿಯ ಕಡೆಗೆ ತಿರುಗಿದಳು.

"ನಾನು ಅಂಗೇಳಿಲ್ಲ ತಾಯಿ. ಬೇರೆ ಕಡೆ ಕಳ್ಸಿ ಅಂತ ನಾನು ಕೇಳಿಲ್ಲ. ನಮ್ಮನೆ..."

ದನಿ ಒಡೆಯಿತು. ನಟಿ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. "ಅಮ್ಮ ಭಾವುಕರಾಗಿದ್ದಾರೆ, ಜೋರಾದ ಚಪ್ಪಾಳೆ!" ಎಂದ ನಿರೂಪಕ. ಮಂಟಪದ ತುಂಬ ಚಪ್ಪಾಳೆ. ಅಕ್ಕನ ಬಾಯಿ ಇನ್ನೂ ಆಡುತ್ತಲೇ ಇತ್ತು. ಒಂದು ಅಕ್ಷರವೂ ಕೇಳಿಸಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದವರ ಮುಖಗಳಲ್ಲಿ ಪ್ರೀತಿಯೇ ಇತ್ತು. ಅದೇ ನನಗೆ ಹೆದರಿಕೆ ತಂದದ್ದು.

ಕಾರ್ಯಕ್ರಮ ಮುಗಿದ ಮೇಲೆ ಹಿಂದಿನ ಬಾಗಿಲಿಗೆ ಓಡಿದೆವು. ನಟಿ ಕಾರಿನ ಹತ್ತಿರ ನಿಂತಿದ್ದಳು. ನಾನೇ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು, ಅಕ್ಕನ ಕೈ ಹಿಡಿದುಕೊಂಡಳು.

"ನಂಗೆ ತೋರಿಸಿದ್ದೂ ಅಷ್ಟೇ ಭಾಗ. ನಾನು ಅಲ್ಲೇ ಇದ್ದೆ, ಆದ್ರೂ... ನಾನು ಮಾತಾಡ್ತೀನಿ ಅಮ್ಮ. ಖಂಡಿತ ಮಾತಾಡ್ತೀನಿ."

ಬಿಳಿ ಅಂಗಿಯ ಅಧಿಕಾರಿ ಬಂದು ಅವಳ ಪಕ್ಕದಲ್ಲಿ ನಿಂತ. ಗದರಲಿಲ್ಲ, ತಳ್ಳಲಿಲ್ಲ. "ಲೇಟಾಗ್ತಿದೆ ಮೇಡಂ" ಎಂದ, ಅಷ್ಟೇ. ಊರಿಗೆಲ್ಲ ದೊಡ್ಡವಳಾದ ಆ ಹೆಂಗಸು ತಕ್ಷಣ ಅಕ್ಕನ ಕೈ ಬಿಟ್ಟಳು. ಅವನ ಕಡೆ ಅವಳು ನೋಡಿದ ನೋಟವನ್ನು ನಾನು ಕಂಡೆ. ಹೆಡ್‌ಮಾಸ್ಟರ ಮುಂದೆ ನಿಂತ ಮಕ್ಕಳಲ್ಲಿ ಅಂಥ ನೋಟ ಕಂಡಿದ್ದೇನೆ. ಕಾರಿನ ಗಾಜು ಮೇಲೇರಿತು.

ಅವಳು ಮಾತಾಡಿದಳೋ ಇಲ್ಲವೋ ತಿಳಿಯದು. ನಮಗಂತೂ ಏನೂ ಕೇಳಿಬರಲಿಲ್ಲ. ಲೈನಿನವರು ಒಬ್ಬೊಬ್ಬರಾಗಿ ಫ್ಲಾಟಿಗೆ ಹೋದರು. ಹೋದವರ ಮನೆಯ ಬಾಗಿಲು, ಕಿಟಕಿಗಳನ್ನು ಅಂದೇ ಕಿತ್ತು ಒಯ್ಯುತ್ತಿದ್ದರು. ಗುಡ್ಡ ಅಗೆಯಲು ಯಂತ್ರಗಳು ಬಂದ ಮೇಲೆ ಧೂಳಿಗೆ ಆಷಾಢ ಬೇಕಾಗಲಿಲ್ಲ. ನಮ್ಮ ಮಗಳಿಗೆ ಉಸಿರಾಟದ ತೊಂದರೆ ಶುರುವಾಯಿತು. ನಾವೂ ಬಂಗಾರಪೇಟೆಗೆ ಮನೆ ಬದಲಿಸಿದೆವು. ಅಕ್ಕ ಕದಲಲಿಲ್ಲ.

ಕಳೆದ ತಿಂಗಳು ಅವಳನ್ನು ನೋಡಲು ಹೋಗಿದ್ದೆ. ಲೈನಿನ ದಾರಿಗೆ ತಂತಿಬೇಲಿ, ಗೇಟು. ಸೆಕ್ಯುರಿಟಿಯವನು ಯಾರನ್ನು ನೋಡಬೇಕು ಎಂದು ಕೇಳಿದ. ಹೇಳಿದೆ.

"ಇಲ್ಲಿ ಯಾರೂ ಇಲ್ಲಮ್ಮ. ಎಲ್ಲಾ ಖಾಲಿಯಾಗೈತೆ."

ಅವನ ಬೆನ್ನ ಹಿಂದೆ, ಮುರಿದ ಗೋಡೆಗಳ ಕೊನೆಯಲ್ಲಿ, ಒಂದು ಸೂರಿನಿಂದ ಒಲೆಯ ಹೊಗೆ ಏಳುತ್ತಿತ್ತು.

"ಹೊಗೆ ಬರ್ತಾ ಇದೆಯಲ್ಲಪ್ಪ?"

ಅವನು ತಿರುಗಿ ನೋಡಿದ. ಮತ್ತೆ ನನ್ನ ಕಡೆ ತಿರುಗಿದ. "ಯಾರೂ ಇಲ್ಲ ಅಂತ ಏಳಿದ್ನಲ್ಲ" ಎಂದು, ಈ ಸಲ ಮೆಲ್ಲಗೆ ಹೇಳಿ, ಗೇಟಿನ ಚಿಲಕ ಹಾಕಿದ.