ಎಂಟಕ್ಕಿಂತ ಇಳಿದರೆ ಒಂದು ಮುಚ್ಚಳ

ನನ್ನ ಕೈಗೆ ಯಾವ ಜೀವವನ್ನೇ ಒಪ್ಪಿಸಿ, ಅದರ ಕೂದಲೂ ಕೊಂಕುವುದಿಲ್ಲ ಎಂದು ಎಪ್ಪತ್ತು ವರ್ಷ ಎದೆ ತಟ್ಟಿಕೊಂಡು ತಿರುಗಿದವನು ನಾನು. ಅತ್ತಿಗೆ ಅದನ್ನು ನಂಬಿದರು. ಅವರ ಅಂದಾಜು ತಪ್ಪಿದ್ದು ಅದೊಂದೇ ಸಲ.

ಅತ್ತಿಗೆ ಹಲ್ಲಿನ ಡಾಕ್ಟರ ಬಳಿ ಇಪ್ಪತ್ತೆರಡು ವರ್ಷದಿಂದ ಸಹಾಯಕಿ. ಹಲ್ಲಿನ ಅಚ್ಚಿಗೆ ಪ್ಲಾಸ್ಟರು ಕಲೆಸುವಾಗ ತಕ್ಕಡಿ ಮುಟ್ಟಿದವರಲ್ಲ. ಅವರು ಕಲೆಸಿದ್ದನ್ನು ತೂಗಲು ಹೋದರೆ ತಕ್ಕಡಿಯೇ ನಾಚಿ ತನ್ನ ಮುಳ್ಳು ಸರಿಮಾಡಿಕೊಳ್ಳುತ್ತಿತ್ತು. ಕಾದು ಕೂತ ರೋಗಿಗಳ ಹೆದರಿಕೆ ಇಳಿಯಲೆಂದು ಡಾಕ್ಟರು ಉಪ್ಪುನೀರಿನ ಗಾಜಿನ ತೊಟ್ಟಿ ತರಿಸಿ, ಹವಳ ಸಾಕುವ ಕೆಲಸವನ್ನೂ ಅವರಿಗೇ ಹಚ್ಚಿದರು. ಉಗುರಿನಷ್ಟಿದ್ದ ನೇರಳೆ ತುಂಡು ಹನ್ನೊಂದು ವರ್ಷದಲ್ಲಿ ಜಿಂಕೆಯ ಕೊಂಬಿನಂತೆ ಕವಲೊಡೆಯಿತು. ಅದನ್ನು ನೋಡುತ್ತಾ ಕೂತು ಹಲ್ಲುನೋವು ಮರೆತು ಮನೆಗೆ ಹೋದವರೂ ಇದ್ದಾರೆ.

ಹವಳ ಮೈ ಕಟ್ಟುವುದು ನೀರಿನ ಕ್ಷಾರದಿಂದ. ದಿನಾ ಬೆಳಿಗ್ಗೆ ಅತ್ತಿಗೆ ಸಣ್ಣ ಕೊಳವೆಯಲ್ಲಿ ಆ ನೀರು ಹಿಡಿದು, ಪರೀಕ್ಷೆಯ ದ್ರಾವಣವನ್ನು ಹನಿಹನಿಯಾಗಿ ಬಿಡುವರು. ನೀಲಿ ಹೋಗಿ ಹಳದಿಯಾಗಲು ಎಂಟು ಹನಿ ಬೇಕು. ಕಡಿಮೆ ಹನಿಗೇ ತಿರುಗಿದರೆ, ಸೋಡಾಪುಡಿ ಕಲೆಸಿ ಬಾಟಲಿಯಲ್ಲಿಟ್ಟ ನೀರು ತೊಟ್ಟಿಗೆ.

ತಂಗಿಯ ಆಪರೇಷನ್ನಿಗೆಂದು ವಾರದ ಮಟ್ಟಿಗೆ ಹೊರಟವರು ನನಗೊಂದು ಚೀಟಿ ಕೊಟ್ಟರು: "ಎಂಟಕ್ಕಿಂತ ಇಳಿದರೆ ಒಂದು ಮುಚ್ಚಳ."

ಹನಿಯ ವಿಷಯ ನನಗೆಲ್ಲಿ ಗೊತ್ತು? ತೊಟ್ಟಿಯ ಪಕ್ಕದ ಮೀಟರು ಏಳೂ ಮುಕ್ಕಾಲು ತೋರಿಸುತ್ತಿತ್ತು. ಒಂದು ಮುಚ್ಚಳ ಸುರಿದೆ. ಏರಿತು. ಜನ ತುಂಬುತ್ತಲೇ ಇಳಿಯಿತು. ಇನ್ನೊಂದು ಸುರಿದೆ. ವಾರ ಕಳೆಯುವಷ್ಟರಲ್ಲಿ ಇಡೀ ಊರಿನ ಬಟ್ಟೆ ಒಗೆಯುವಷ್ಟು ಸೋಡಾ ಆ ತೊಟ್ಟಿಯಲ್ಲಿತ್ತು.

ಅತ್ತಿಗೆ ಬಂದಾಗ ಹವಳದ ಬುಡದಿಂದ ಚರ್ಮ ಸುಲಿದು ಬಿಳಿ ಎಲುಬು ಕಾಣುತ್ತಿತ್ತು. ಕೊಳವೆ ಹಿಡಿದು ಹನಿ ಎಣಿಸಿದರು. ಹದಿನಾಲ್ಕಕ್ಕೆ ಹಳದಿಯಾಯಿತು.

"ಸೋಡಾ ಗಟ್ಟಿಯಾಗಿ ಕಲೆಸಿಟ್ಟು ಹೋಗಿದೀನಿ," ಎಂದರು ಮೆಲ್ಲಗೆ. "ನನ್ನ ಕೈ ಅಂದಾಜು ಹೋಯ್ತು ಕಣಪ್ಪ."

ನಾನು ಸೋಡಾ ಬಾಟಲಿಯ ಮುಚ್ಚಳ ಬಿಗಿಮಾಡುತ್ತಾ ನಿಂತೆ. ಅವರು ನೇರ ಡಾಕ್ಟರ ಕೋಣೆಯ ಬಾಗಿಲಿಗೆ ಹೋಗಿ, "ಸಾರ್, ತೊಟ್ಟಿಗೂ ಪ್ಲಾಸ್ಟರಿಗೂ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದಾಗ ನಾನು ಹಿಂದೆಯೇ ಓಡಿದೆ.

"ಅತ್ತಿಗೆ, ನಿಮ್ಮ ಕೈ ಸರಿಯಾಗೇ ಇದೆ. ಆ ಮೀಟರ್ ಎಂಟಕ್ಕೆ ಬರ್ಲಿ ಅಂತ ನಾನೇ ಸುರಿದೆ. ದಿನಕ್ಕೆ ಎರಡು ಸಲ."

"ಅಯ್ಯೋ! ಅದು ಪಿಎಚ್! ನಾನು ಎಂಟು ಅಂದಿದ್ದು ಹನಿ ಲೆಕ್ಕ. ಕಿಟಕಿ ಮುಚ್ಚಿ ಮೂವತ್ತು ಜನ ಕೂತು ಉಸಿರು ಬಿಟ್ರೆ ಇಳಿಯುತ್ತೆ, ಕಿಟಕಿ ತೆಗೆದ್ರೆ ಏರುತ್ತೆ. ಅದಕ್ಕೂ ಸೋಡಾನಾ?"

"ತಪ್ಪು ನಿಮ್ದೇ ಅಂತ ನೀವಂದಾಗ್ಲೂ ಸುಮ್ಮನಿದ್ದೆ. ಅದಕ್ಕಾದ್ರೂ ಬೈರಿ."

ಅವರು ಬೈಯಲಿಲ್ಲ. ಡಾಕ್ಟರಿಗೆ, "ಸಾರ್, ಈಗ ಹೇಳಿದ್ದು ಬಿಟ್ಬಿಡಿ," ಎಂದು ಕೂಗಿ, ಸೆರಗು ಸಿಕ್ಕಿಸಿ ತೊಟ್ಟಿಗೆ ಕೈ ಹಾಕಿದರು. ಇನ್ನೂ ಜೀವವಿದ್ದ ಎರಡು ತುದಿಗಳನ್ನು ಕತ್ತರಿಸಿ ಕಲ್ಲಿಗೆ ಅಂಟಿಸಿದರು. ಹನ್ನೊಂದು ವರ್ಷ ಮತ್ತೆ ಉಗುರಿನಷ್ಟಕ್ಕೆ ಇಳಿದಿತ್ತು. ನಾನು ತಲೆ ತಗ್ಗಿಸಿ ಬಕೆಟ್ಟು ಹಿಡಿದು ನಿಂತೆ.

ಕೈ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡಿದರು.

"ಸದ್ಯ, ನಿಮ್ಮಣ್ಣನ ಮಾತ್ರೆ ಚೀಟಿ ಮಗಳ ಕೈಗೆ ಕೊಟ್ಟು ಹೋಗಿದ್ದೆ. ಅದರಲ್ಲೂ ಗಂಟೆ ಅನ್ನದೆ ಬರೀ 'ರಾತ್ರಿ ಎಂಟು' ಅಂತಾನೇ ಬರೆದಿದ್ದೆ!"